ಕಾಯಿದೆ ದಿಲ್ಲಿಯಲ್ಲಿ, ಹೆಂಗಸು ಹಿರೇಕೆರೂರಿನಲ್ಲಿ

ಹೊಟ್ಟೆಯೊಳಗಿನ ಜೀವದ ಪರವಾಗಿ ಬೀದಿಗಿಳಿಯುವವರು ನಮ್ಮ ದೇಶದಲ್ಲಿಯೂ ಈಚೆಗೆ ಕಾಣಿಸಿಕೊಂಡಿದ್ದಾರೆ. 2022ರ ಆಗಸ್ಟ್ 10ರಂದು ದಿಲ್ಲಿಯಲ್ಲಿ ಕ್ಯಾಥೊಲಿಕ್ ಬಳಗಗಳ ಮುಂದಾಳುತನದಲ್ಲಿ ‘ಜೀವಕ್ಕಾಗಿ ನಡಿಗೆ’ ಎಂಬ ಮೆರವಣಿಗೆ ನಡೆಯಿತು. ಆ ದಿನವನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. 1971ರ ಅದೇ ದಿನ ನಮ್ಮ ವೈದ್ಯಕೀಯ ಗರ್ಭಪಾತ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. ಮೆರವಣಿಗೆ ಮಾಡುವುದು ಅವರ ಹಕ್ಕು. ಅವರ ನಂಬಿಕೆಯನ್ನು ನಾವು ಅಣಕಿಸುವುದಿಲ್ಲ. ಹೊಟ್ಟೆಯಲ್ಲಿ ಬೆಳೆಯುವುದಕ್ಕೆ ಬೆಲೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಅದನ್ನು ಕಳೆದುಕೊಂಡು ಮೂಲೆಯಲ್ಲಿ ಮುಖ ಮರೆಸಿ ಅತ್ತ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಆದರೆ ‘ಜೀವದ ಪರ’ ಎಂಬ ಹೆಸರನ್ನು ಯಾರೇ ಇಟ್ಟುಕೊಳ್ಳಲಿ, ಆ ಲೆಕ್ಕದಲ್ಲಿ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹೆಂಗಸಿನ ಜೀವ ಎಷ್ಟನೆಯ ಸಾಲಿನಲ್ಲಿ ಬರುತ್ತದೆಂದು ಕೇಳುವ ಹಕ್ಕು ನಮಗೂ ಇದೆ.

ಇದು ನಮ್ಮ ಸೀಮೆಗೆ ಸಂಬಂಧಪಡದ ಪರದೇಶದ ಜಗಳವೆಂದು ಯಾರೂ ತಿಳಿಯಬೇಕಾಗಿಲ್ಲ. ಈ ವಿಷಯದ ಚರ್ಚೆ ಜಗತ್ತಿನ ಯಾವ ಮೂಲೆಯಲ್ಲಿ ನಡೆದರೂ ಒಬ್ಬ ಕನ್ನಡತಿಯ ಹೆಸರು ಅಲ್ಲಿ ಬರುತ್ತದೆ. ಅವರು ಸವಿತಾ ಹಾಲಪ್ಪನವರ. ‘ನವರ’ ಎಂದು ಮುಗಿಯುವ ಅಡ್ಡಹೆಸರೇ ಅದು ಯಾವ ಸೀಮೆಯದೆಂದು ಹೇಳುತ್ತದೆ. ಬೆಳಗಾವಿಯಲ್ಲಿ ಬೆಳೆದು, ಅಲ್ಲಿಯೇ ದಂತವೈದ್ಯ ಕಲಿತು, ಮದುವೆಯಾಗಿ ಐರ್ಲೆಂಡಿಗೆ ಹೋದವರು. 2012ರ ಅಕ್ಟೋಬರ್ 21ರಂದು, 17 ವಾರಗಳ ಬಸುರಿಯಾಗಿದ್ದಾಗ, ಬೆನ್ನುನೋವೆಂದು ಗಾಲ್ವೆಯ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದರು. ಗರ್ಭ ನಿಲ್ಲುವಂಥದಲ್ಲವೆಂದು ಡಾಕ್ಟರರೇ ಹೇಳಿದರು. ಹಾಗಾದರೆ ತೆಗೆದುಬಿಡಿರೆಂದು ಸವಿತಾ ಕೇಳಿಕೊಂಡರು. ಪಿಂಡದ ಎದೆಬಡಿತ ಇರುವ ತನಕ ಅದಾಗದೆಂಬ ಉತ್ತರ ಬಂದಿತು. ಇದು ಕ್ಯಾಥೊಲಿಕ್ ದೇಶವೆಂಬ ಕಾರಣವನ್ನೂ ಅವರಿಗೆ ಹೇಳಲಾಗಿತ್ತೆಂಬುದು ಮರಣವಿಚಾರಣೆಯಲ್ಲಿ ಹೊರಬಿತ್ತು. 24ರಂದು ಎದೆಬಡಿತ ನಿಂತಿತು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. 28ರಂದು ಸವಿತಾ ತೀರಿಕೊಂಡರು. ಆಗ ಅವರ ವಯಸ್ಸು 31.

ಅವರು ತೀರಿಕೊಂಡದ್ದು ಸೌಕರ್ಯವಿಲ್ಲದ ಊರಲ್ಲಲ್ಲ. ಹಾಸಿಗೆಯ ಬಳಿ ಯಂತ್ರವಿತ್ತು, ಔಷಧವಿತ್ತು, ತಜ್ಞರಿದ್ದರು. ಇಲ್ಲದ್ದು ಅಪ್ಪಣೆಯೊಂದೇ. 1983ರಲ್ಲಿ ಆ ದೇಶದ ಮತದಾರರು ಮೂರರಲ್ಲಿ ಎರಡು ಪಾಲು ಬಹುಮತದಿಂದ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ಸೇರಿಸಿ, ತಾಯಿಯ ಜೀವಕ್ಕೂ ಹುಟ್ಟದ ಪಿಂಡದ ಜೀವಕ್ಕೂ ಸಮಾನ ಹಕ್ಕೆಂದು ಬರೆದಿದ್ದರು. ಸವಿತಾ ಅವರ ಸಾವಿನ ಬಗೆಗೆ ಅಲ್ಲಿಯ ಆರೋಗ್ಯ ಇಲಾಖೆ ನಡೆಸಿದ ತನಿಖೆ 2013ರಲ್ಲಿ ಎರಡು ತಪ್ಪುಗಳನ್ನು ತೋರಿಸಿತು. ಸೋಂಕಿನ ಲಕ್ಷಣಗಳನ್ನು ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ. ಎದೆಬಡಿತ ನಿಲ್ಲುವ ತನಕ ಕೈಹಚ್ಚಬಾರದೆಂಬ ಕಡೆಗೇ ಅತಿಯಾಗಿ ಗಮನ ಕೊಡಲಾಯಿತು. ಜೀವಪರರು ಮೊದಲನೆಯದನ್ನು ಹಿಡಿದುಕೊಂಡು, ನೋಡಿರಿ, ಇದು ಡಾಕ್ಟರರ ಅಲಕ್ಷ್ಯವೇ ಹೊರತು ಕಾಯಿದೆಯ ದೋಷವಲ್ಲವೆಂದು ವಾದಿಸಿದರು. ನಮಗೆ ಹಾಗೆ ಕಾಣುವುದಿಲ್ಲ. ಡಾಕ್ಟರನ ಒಂದು ಕಣ್ಣು ರೋಗಿಯ ಮೇಲೆ, ಇನ್ನೊಂದು ಕಣ್ಣು ಪೊಲೀಸಿನವನ ಮೇಲೆ ಇದ್ದರೆ ರೋಗಿಯ ಜ್ವರ ಕಾಣುವುದು ತಡವಾಗುತ್ತದೆ.

2018ರ ಮೇ 25ರಂದು ಅದೇ ದೇಶದ ಜನ ಶೇಕಡಾ 66.4 ಮತಗಳಿಂದ ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಮತದಾನಕ್ಕೆ ಮೊದಲು ಸವಿತಾ ಅವರ ತಂದೆ ನಮ್ಮ ನಾಡಿನಿಂದಲೇ ಅಲ್ಲಿಯ ಮತದಾರರಿಗೆ ಮೊರೆಯಿಟ್ಟಿದ್ದರು.

ಹಾಗೆಂದು ನಡುವಿನ 35 ವರ್ಷ ಅಲ್ಲಿ ಗರ್ಭಪಾತ ನಿಂತೇಹೋಗಿತ್ತೆಂದು ವಾಚಕರು ಭಾವಿಸಬಾರದು. ಕಾಸಿದ್ದವರು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಮುಗಿಸಿಕೊಂಡು ಬರುತ್ತಿದ್ದರು. ಈ ಪ್ರವಾಸಕ್ಕೆ ಅಡ್ಡಿ ಮಾಡಬಾರದೆಂದು 1992ರಲ್ಲಿ ಮತ ಹಾಕಿ ಅದನ್ನೂ ಸಂವಿಧಾನದಲ್ಲಿ ಸೇರಿಸಿದರು! ನಮ್ಮ ಅಂಗಳದಲ್ಲಿ ಬೇಡ, ನೆರೆಮನೆಯ ಹಿತ್ತಿಲಲ್ಲಿ ಆಗಲಿ ಎಂಬ ಧರ್ಮ ಇದು. ಹಡಗಿನ ಚಾರ್ಜು ಇಲ್ಲದವಳು, ಒಡೆಯನಿಂದ ರಜೆ ಸಿಗದವಳು, ಪರದೇಶದಿಂದ ಬಂದು ಕಾಗದಪತ್ರದ ತೊಡಕಿನಲ್ಲಿದ್ದವಳು ಅಲ್ಲಿಯೇ ಉಳಿದಳು. ನಿಷೇಧವೆಂಬುದು ಎಲ್ಲಿಯೂ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಅದು ಬಡವಳ ಓಣಿಯ ದಾರಿ ಹುಡುಕಿಕೊಂಡೇ ಬರುತ್ತದೆ. 2022ರ ಜೂನ್ 24ರಂದು ಅಮೇರಿಕದ ಸುಪ್ರೀಂ ಕೋರ್ಟು 1973ರ ತನ್ನ ತೀರ್ಪನ್ನೇ ರದ್ದು ಮಾಡಿದ ಮೇಲೆ ಅಲ್ಲಿಯೂ ಇದೇ ಆಯಿತು. ಅನುಕೂಲವಿದ್ದವರು ನೆರೆಯ ರಾಜ್ಯಕ್ಕೆ ಹೋದರು.

ಈಗ ನಮ್ಮ ಮನೆಯನ್ನು ನೋಡೋಣ. ಐರ್ಲೆಂಡನ್ನೂ ಹಿಂದುಸ್ತಾನವನ್ನೂ ಆಳುತ್ತಿದ್ದವರು ಒಬ್ಬರೇ. ನಮಗೆ 1860ರಲ್ಲಿ, ಅವರಿಗೆ 1861ರಲ್ಲಿ, ಬಸಿರು ತೆಗೆಯುವುದು ಅಪರಾಧವೆಂಬ ಕಾಯಿದೆಯನ್ನು ಬರೆದುಕೊಟ್ಟರು. ನಮ್ಮ ದಂಡಸಂಹಿತೆಯ 312ನೆಯ ಕಲಮಿನಂತೆ ತೆಗೆದವರಿಗೆ ಮೂರು ವರ್ಷ, ಹೊಟ್ಟೆಯಲ್ಲಿ ಕೂಸು ಮಿಸುಕಾಡಿದ ಮೇಲಾದರೆ ಏಳು ವರ್ಷದ ತನಕ ಶಿಕ್ಷೆ. ತಾನೇ ತೆಗೆದುಕೊಂಡ ಹೆಂಗಸೂ ಅದೇ ಕಲಮಿನಂತೆ ಅಪರಾಧಿ. 2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಗುಲಾಮಗಿರಿಯ ಗುರುತನ್ನೆಲ್ಲ ಅಳಿಸಿದೆವೆಂದು ಡಂಗುರ ಹೊಡೆಯಲಾಯಿತು. 312 ಎಂಬ ಅಂಕಿ ಹೋಗಿ 88 ಆಯಿತು. ಒಳಗಿನ ಮಾತು ಇದ್ದಂತೆಯೇ ಇದೆ.

1971ರ ಕಾಯಿದೆ ಈ ಅಪರಾಧಕ್ಕೆ ಮಾಡಿದ ಒಂದು ವಿನಾಯಿತಿ ಮಾತ್ರ. ಇದನ್ನು ನಮ್ಮ ಪ್ರಗತಿಪರ ಮಿತ್ರರು ಸಹ ಮರೆಯುತ್ತಾರೆ. ಗೊತ್ತುಪಡಿಸಿದ ಕಾರಣಗಳಿದ್ದರೆ, ಗೊತ್ತುಪಡಿಸಿದ ವಾರಗಳೊಳಗೆ, ನೋಂದಾಯಿತ ಡಾಕ್ಟರು ಒಳ್ಳೆಯ ಬುದ್ಧಿಯಿಂದ ಮಾಡಿದರೆ ಆತ ತಪ್ಪಿತಸ್ಥನಲ್ಲವೆಂದು ಕಾಯಿದೆ ಹೇಳುತ್ತದೆ. ಎಂದರೆ ಅದು ಡಾಕ್ಟರನಿಗೆ ಕೊಟ್ಟ ರಕ್ಷಣೆಯೇ ಹೊರತು ಹೆಂಗಸಿಗೆ ಕೊಟ್ಟ ಹಕ್ಕಲ್ಲ. ಬಂದ ಬಗೆಯೂ ಹಾಗೆಯೇ. 1964ರಲ್ಲಿ ಶಾಂತಿಲಾಲ ಶಹಾ ಅವರ ಅಧ್ಯಕ್ಷತೆಯಲ್ಲಿ ಸರಕಾರ ಕಮಿಟಿ ನೇಮಿಸಿತು. 1966ರ ಅದರ ವರದಿಯಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 39 ಲಕ್ಷ ಗರ್ಭಗಳನ್ನು ಬೇಕೆಂದು ತೆಗೆಸಲಾಗುತ್ತಿದೆಯೆಂಬ ಅಂದಾಜು ಇತ್ತು. ಆ ಕಮಿಟಿಗೆ ಸೂಲಗಿತ್ತಿಯ ಕಡ್ಡಿಗೆ ಸಾಯುವ ಹೆಂಗಸರ ಕನಿಕರ ಇರಲಿಲ್ಲವೆಂದು ನಾವು ಹೇಳೆವು. ಆದರೆ ಅಧಿಕಾರದಲ್ಲಿದ್ದವರ ಕಣ್ಣು ಜನಸಂಖ್ಯೆಯ ಮೇಲಿತ್ತು. ಹೆಂಗಸಿಗೆ ಬೇಡವಾದ ಬಸಿರು ಬೇಡವೆಂಬುದಕ್ಕಿಂತ ಸರಕಾರಕ್ಕೆ ಬೇಡವಾದ ಹೆರಿಗೆ ಬೇಡವೆಂಬುದು ದೊಡ್ಡದಾಗಿತ್ತು. ಅದೇ ಸರಕಾರವೇ ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿತು. ಹೆರಬೇಡವೆಂದು ಒತ್ತಾಯಿಸುವ ಕೈಯೂ ಹೆರಲೇಬೇಕೆಂದು ಒತ್ತಾಯಿಸುವ ಕೈಯೂ ಒಂದೇ ಬಡವಳ ಮೈಮೇಲೆ ಬೀಳುತ್ತವೆ.

ಸಮಾಜವಾದದ ಹೆಸರು ಹೇಳುವ ನಾವು ಇಲ್ಲಿ ನಮ್ಮ ಎಲೆಯನ್ನೂ ನೋಡಿಕೊಳ್ಳಬೇಕು. ಹೆಂಗಸಿನ ಕೋರಿಕೆಯ ಮೇಲೆ ಗರ್ಭಪಾತಕ್ಕೆ ಮೊದಲು ಅನುಮತಿ ಕೊಟ್ಟ ಸರಕಾರ 1920ರ ಸೋವಿಯತ್ ರಷ್ಯದ್ದು. ಅದನ್ನು 1936ರಲ್ಲಿ ಕಸಿದುಕೊಂಡವನು ಸ್ಟಾಲಿನ್. ಮತ್ತೆ ಸಿಕ್ಕಿದ್ದು ಅವನು ಸತ್ತ ಮೇಲೆ, 1955ರಲ್ಲಿ. ರುಮೇನಿಯದ ಚೌಶೆಸ್ಕು 1966ರಲ್ಲಿ ದೇಶಕ್ಕೆ ಆಳು ಬೇಕೆಂದು ಗರ್ಭಪಾತ ನಿಷೇಧಿಸಿ, ಕಾರಖಾನೆಯ ಹೆಂಗಸರ ತಿಂಗಳ ಮುಟ್ಟಿನ ಮೇಲೂ ಪೊಲೀಸರ ಕಣ್ಣಿಡಿಸಿದ. 1989ರಲ್ಲಿ ಅವನು ಉರುಳುವ ತನಕ ಸಾವಿರಾರು ಹೆಂಗಸರು ಕಳ್ಳ ಗರ್ಭಪಾತಗಳಲ್ಲಿ ಸತ್ತರು. ಅವನು ಚರ್ಚಿಗೆ ಹೋಗುವವನಲ್ಲ, ಜೀವಪರನೂ ಅಲ್ಲ. ಸರಕಾರ ಹೆಂಗಸಿನ ಹೊಟ್ಟೆಯನ್ನು ತನ್ನ ಕಣಜವೆಂದು ತಿಳಿದರೆ ಬಾವುಟದ ಬಣ್ಣ ಯಾವುದಾದರೂ ಒಂದೇ.

ಕಾಯಿದೆ ಈಚೆಗೆ ಸುಧಾರಿಸಿದ್ದು ನಿಜ. 2021ರ ತಿದ್ದುಪಡಿಯಿಂದ 20 ವಾರಗಳ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಈಡಾದವರು, ಅಪ್ರಾಪ್ತರು, ಬಸಿರಿರುವಾಗಲೇ ವಿಧವೆಯಾದವರು ಮುಂತಾದವರಿಗೆ ಇಬ್ಬರು ಡಾಕ್ಟರರ ಅಭಿಪ್ರಾಯದ ಮೇಲೆ 24 ವಾರಗಳ ತನಕ ಅವಕಾಶವಿದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದವಳಿಗೂ ಇದೇ ಅನ್ವಯವೆಂದಿತು. ಗಂಡನೇ ಬಲಾತ್ಕಾರ ಮಾಡಿದರೆ ಈ ಕಾಯಿದೆಯ ಮಟ್ಟಿಗೆ ಅದೂ ಅತ್ಯಾಚಾರವೇ ಎಂದಿತು. ಕೇಳಲು ಹಿತವಾದ ಮಾತು. ಮರುವರ್ಷದ ಅಕ್ಟೋಬರಿನಲ್ಲಿ ಅದೇ ಕೋರ್ಟಿಗೆ ಎರಡು ಮಕ್ಕಳ ತಾಯಿಯೊಬ್ಬಳು ಬಂದಳು. ಮೊಲೆಯೂಡಿಸುತ್ತಿದ್ದುದರಿಂದ ಮುಟ್ಟು ಬಾರದೆ, ಬಸಿರಾದದ್ದೇ ಆಕೆಗೆ ತಿಳಿದಿರಲಿಲ್ಲ. ಹೆರಿಗೆಯ ನಂತರದ ಮನೋವ್ಯಾಕುಲಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದಳು. 9ರಂದು ಅಪ್ಪಣೆ ಸಿಕ್ಕಿತು. ಕೇಂದ್ರ ಸರಕಾರ ಅದನ್ನು ಹಿಂದೆಗೆದುಕೊಳ್ಳಿರೆಂದು ಕೇಳಿತು. ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬಂದಿತು. 16ರಂದು ಮೂವರು ಕೂಡಿ, 26 ವಾರ ದಾಟಿದೆ, ಆಗದೆಂದರು. ಆ ತೀರ್ಪಿನ ಸರಿತಪ್ಪನ್ನು ಕಾನೂನು ಬಲ್ಲವರು ಚರ್ಚಿಸಲಿ. ಮೊಲೆಯೂಡಿಸುವಾಗ ಮುಟ್ಟು ಬಾರದು, ಮುಟ್ಟು ಬಾರದಿದ್ದರೆ ಬಸಿರು ತಿಳಿಯದು ಎಂಬುದು ಮಾತ್ರ ನಮ್ಮ ಪ್ರತಿಯೊಂದು ಹಳ್ಳಿಯ ಅಜ್ಜಿಗೂ ಗೊತ್ತಿರುವ ಸಂಗತಿ. ಕಾಯಿದೆ ವಾರ ಎಣಿಸುತ್ತದೆ. ನಮ್ಮ ಹೆಂಗಸರು ಅಮಾವಾಸ್ಯೆ ಎಣಿಸುತ್ತಾರೆ, ಸುಗ್ಗಿ ಎಣಿಸುತ್ತಾರೆ, ಕೂಲಿಯ ದಿನ ಎಣಿಸುತ್ತಾರೆ.

ಹಾನಗಲ್ಲಿನಲ್ಲಿ ಭತ್ತದ ನಾಟಿಗೆ ನಿಂತವಳಿಗೆ, ಹಿರೇಕೆರೂರಿನ ಹೊಲದಲ್ಲಿ ಹತ್ತಿ ಬಿಡಿಸುವವಳಿಗೆ, ಸವಣೂರಿನ ಎಲೆಬಳ್ಳಿಯ ತೋಟದಲ್ಲಿ ಬಗ್ಗಿದವಳಿಗೆ, ಶಿಗ್ಗಾಂವಿಯ ತಾಂಡಾದಿಂದ ಗುಳೆ ಹೊರಟವಳಿಗೆ ಒಂದು ದಿನ ದವಾಖಾನೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಹಿರೇಕೆರೂರು ಕಡೆಯ ಒಬ್ಬಾಕೆ ನಮ್ಮ ಕಾರ್ಯಕರ್ತೆಯೊಬ್ಬರ ಮುಂದೆ ಹೇಳಿಕೊಂಡ ಮಾತು ಇದು: “ಯಕ್ಕಾ, ಮೂರು ಸಲ ಹೋಗಿ ಬಂದೆ. ಒಮ್ಮೆ ಡಾಕ್ಟ್ರು ಇರಲಿಲ್ಲ. ಒಮ್ಮೆ ಗಂಡನ್ನ ಕರಕೊಂಡು ಬಾ ಅಂದ್ರು. ಅಂವಾ ಗೋವಾದಾಗ ದುಡ್ಯಾಕ ಹೋಗ್ಯಾನ, ಎಲ್ಲಿಂದ ತರ್ಲಿ? ಮೂರನೇ ಸಲಕ್ಕ, ತಿಂಗಳು ಮೀರೇತಿ, ಹುಬ್ಬಳ್ಳಿಗೆ ಹೋಗು ಅಂದ್ರು.” ಯಾವ ದವಾಖಾನೆಯೆಂದು ನಾವು ಬರೆಯುವುದಿಲ್ಲ. ಅವಳ ಗುರುತು ಸಿಕ್ಕೀತು. ಅಲ್ಲದೆ ಒಂದು ದವಾಖಾನೆಯನ್ನು ಬೈದರೆ ಮುಗಿಯುವ ಸಂಗತಿಯೂ ಇದಲ್ಲ.

ಗಂಡನ ಸಹಿ ಬೇಕೆಂದು ಯಾವ ಕಾಯಿದೆಯಲ್ಲಿದೆ? 1971ರ ಮೂಲ ಕಾಯಿದೆಯಲ್ಲಿಯೇ ಇಲ್ಲ. 18 ತುಂಬಿದ ಹೆಂಗಸಿನ ಸ್ವಂತ ಒಪ್ಪಿಗೆ ಸಾಕು. ಐವತ್ತು ವರ್ಷ ಕಳೆದರೂ ದವಾಖಾನೆಯ ಕಿಟಕಿಯಲ್ಲಿ ಕೂತವರಿಗೆ ಇದು ತಿಳಿಯದು, ಇಲ್ಲವೆ ತಿಳಿದೂ ತಿಳಿಯದಂತೆ ಇರುವುದು ಅವರಿಗೆ ಕ್ಷೇಮ. ನಾಳೆ ಅವಳ ಗಂಡನೋ ಮಾವನೋ ಬಂದು ಗದ್ದಲ ಮಾಡಿದರೆ ಆ ಡಾಕ್ಟರನ ಬೆನ್ನಿಗೆ ಯಾರು ನಿಲ್ಲುತ್ತಾರೆ? ಡಾಕ್ಟರ ಭಯವೂ ಸುಳ್ಳಲ್ಲ. ಗರ್ಭಪಾತ ಅಪರಾಧ, ತಾನು ವಿನಾಯಿತಿಯ ಹಗ್ಗದ ಮೇಲೆ ನಡೆಯುತ್ತಿದ್ದೇನೆಂಬ ಅಂಜಿಕೆ ಅವನಿಗಿದೆ. ಗಾಲ್ವೆಯಲ್ಲಿ ಕೈ ಕಟ್ಟಿದ ಅಂಜಿಕೆಯೂ ಇದೇ ಜಾತಿಯದು. ಅಲ್ಲಿ ಅದನ್ನು ಕಾಯಿದೆಯೇ ಹುಟ್ಟಿಸಿತ್ತು. ಇಲ್ಲಿ ಕಾಯಿದೆ ಬಾಗಿಲು ತೆರೆದಿದ್ದರೂ ಹೊಸ್ತಿಲಲ್ಲಿ ಅದು ಕೂತಿದೆ.

ಇನ್ನು ಹೆಣ್ಣುಕೂಸಿನ ಕೊಲೆಯ ಮಾತು. ಜೀವಪರರ ಕೈಯಲ್ಲಿರುವ ಬಲವಾದ ಅಸ್ತ್ರ ಇದು. ನಾವು ಇದನ್ನು ತಪ್ಪಿಸಿಕೊಂಡು ಹೋಗುವುದಿಲ್ಲ. 2022ರ ಜೂನಿನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯ ಹಳ್ಳದಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆದ ಏಳು ಭ್ರೂಣಗಳು ಸಿಕ್ಕವು. 2023ರಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲವನ್ನು ಹಿಡಿದಾಗ, ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಗಂಡೋ ಹೆಣ್ಣೋ ನೋಡಿ ಹೇಳುತ್ತಿದ್ದರೆಂಬುದು ಬಯಲಾಯಿತು. ಬೆಲ್ಲ ಕಾಸುವಲ್ಲಿ ಇಂಥ ಕೆಲಸ! ಲಿಂಗಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆ ಇದಕ್ಕೆಂದೇ ಇದೆ. ಆ ಜಾಲದವರಿಗೆ ಕಠಿಣ ಶಿಕ್ಷೆಯಾಗಲೆಂದು ನಾವೂ ಹೇಳುತ್ತೇವೆ. ಆದರೆ ಅಲ್ಲಿಗೆ ಹೋದ ಹೆಂಗಸರನ್ನು ಕೇಳಿ ನೋಡಿರಿ. ಎಷ್ಟು ಮಂದಿ ತಮ್ಮ ಕಾಲಮೇಲೆ ಹೋದರು, ಎಷ್ಟು ಮಂದಿಯನ್ನು ಅತ್ತೆ, ಗಂಡ ಕೂಡಿ ಕಾರಿನಲ್ಲಿ ಕೂಡ್ರಿಸಿಕೊಂಡು ಹೋದರು? ವರದಕ್ಷಿಣೆ, ಹೊಲದ ಹಕ್ಕು, ‘ಮನೆಗೊಬ್ಬ ಗಂಡುಮಗ’ ಎಂಬ ಹಟ ಇವುಗಳ ಮೇಲೆ ಕೈಹಚ್ಚದೆ ಸ್ಕ್ಯಾನಿಂಗ್ ಯಂತ್ರಕ್ಕೆ ಮೊಹರು ಹಾಕಿದರೆ ಜಾಲ ಆಲೆಮನೆಯಿಂದ ಇನ್ನೊಂದು ಮನೆಗೆ ಹೋದೀತು, ಅಷ್ಟೆ.

ಇಂಥ ಪ್ರಕರಣ ಬಯಲಾದ ಮರುದಿನವೇ ಅಧಿಕಾರಿಗಳು ತಪಾಸಣೆಗೆ ಹೊರಡುತ್ತಾರೆ. ಮಂಡ್ಯದ ಕಳ್ಳನಿಗೆ ಹಾಕಿದ ಬಲೆಯಲ್ಲಿ ಸಿಕ್ಕುವವಳು ಹಾನಗಲ್ಲಿನ ಕೂಲಿಯವಳು. ಗರ್ಭ ತೆಗೆಯುವುದೇ ಅಪರಾಧವೆಂಬಂತೆ ಮಾತು ಹಬ್ಬುತ್ತದೆ. ಸಣ್ಣ ಊರಿನ ಡಾಕ್ಟರು, ಈ ಉಸಾಬರಿಯೇ ಬೇಡವೆಂದು, ಎಂಟು ವಾರದ ನ್ಯಾಯವಾದ ಕೇಸನ್ನೂ ಕೈಬಿಡುತ್ತಾನೆ. ಎಂಟು ವಾರಕ್ಕೆ ಗಂಡೋ ಹೆಣ್ಣೋ ಎಂದು ಯಾವ ಸ್ಕ್ಯಾನಿಂಗಿನಲ್ಲಿಯೂ ಕಾಣಿಸದೆಂಬುದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.

ಆಮೇಲೆ ಅವಳು ಎಲ್ಲಿಗೆ ಹೋಗಬೇಕು? ಔಷಧದ ಅಂಗಡಿಗೆ. 2015ರ ಲೆಕ್ಕ ಹಿಡಿದು ಸಂಶೋಧಕರು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜಿನಂತೆ, ಆ ವರ್ಷ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು. ಅವುಗಳಲ್ಲಿ ದವಾಖಾನೆಯಲ್ಲಿ ಆದವು ಶೇಕಡಾ 22 ಮಾತ್ರ. ಶೇಕಡಾ 73 ಹೊರಗೆ, ಮಾತ್ರೆ ನುಂಗಿ ಆದವು. ಮಾತ್ರೆಯನ್ನು ನಾವು ದೂರುತ್ತಿಲ್ಲ. ಮೊದಲ ವಾರಗಳಲ್ಲಿ ಸರಿಯಾದ ಅಳತೆಯಲ್ಲಿ ತೆಗೆದುಕೊಂಡರೆ ಅದು ಸುರಕ್ಷಿತ. ಕಡ್ಡಿ, ಬೇರುಗಳ ಕಾಲದಿಂದ ಅದು ಎಷ್ಟೋ ಹೆಂಗಸರನ್ನು ಬಿಡಿಸಿದೆ. ಆದರೆ ಎಷ್ಟು ತಿಂಗಳೆಂದು ನೋಡುವವರಿಲ್ಲದೆ, ಗರ್ಭ ಚೀಲದ ಹೊರಗೆ ನಿಂತಿದೆಯೋ ಏನೋ ತಿಳಿಯದೆ, ರಾತ್ರಿ ರಕ್ತ ಹರಿಯತೊಡಗಿದರೆ ಯಾರನ್ನು ಕೇಳಬೇಕೆಂಬುದು ಗೊತ್ತಿಲ್ಲದೆ ನುಂಗುವುದು ಬೇರೆ. ಆ ರಾತ್ರಿ ಅವಳಿಗೆ ವಾಹನ ಬೇಕು, ರಕ್ತ ಬೇಕು, ಎಚ್ಚರವಿರುವ ಡಾಕ್ಟರು ಬೇಕು.

ಎಳೆಯ ಹುಡುಗಿಯರ ಪಾಡು ಇನ್ನೂ ಬಿಗಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಐವರಿಗೊಬ್ಬಳಂತೆ 18 ತುಂಬುವ ಮೊದಲೇ ಮದುವೆಯಾದವರು. ಅಂಥವಳು ಬಸಿರಾಗಿ ದವಾಖಾನೆಗೆ ಬಂದರೆ 2012ರ ಪೋಕ್ಸೊ ಕಾಯಿದೆಯಂತೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಹುಡುಗಿಯ ಹೆಸರು, ಗುರುತು ಹೇಳಬೇಕಾಗಿಲ್ಲವೆಂದು 2022ರ ತೀರ್ಪಿನಲ್ಲಿಯೇ ಇದೆ. ಆ ಮಾತು ತಾಂಡಾದ ತನಕ ಬಂದಿಲ್ಲ. ದವಾಖಾನೆಗೆ ಹೋದರೆ ಗಂಡ ಜೇಲಿಗೆ, ಅಪ್ಪ ಜೇಲಿಗೆ ಎಂಬ ಮಾತು ಮಾತ್ರ ಬಂದಿದೆ. ಬಾಲ್ಯವಿವಾಹವನ್ನು ತಡೆಯಬೇಕಾದದ್ದು ಮಂಟಪದಲ್ಲಿ. ರಕ್ತ ಹೋಗುತ್ತಿರುವ ಹುಡುಗಿಯ ಹಾಸಿಗೆಯ ಬಳಿಯಲ್ಲಿ ಅಲ್ಲ.

ಜೀವದ ಪರ ನಡೆಯುವವರು ಒಮ್ಮೆ ಈ ನಾಲ್ಕು ತಾಲೂಕುಗಳಲ್ಲಿಯೂ ನಡೆದುಕೊಂಡು ಹೋಗಲಿ. ಹೆರಿಗೆಯ ಕೋಣೆಗಳನ್ನು ನೋಡಲಿ, ಬಸುರಿಯ ಕೆಂಪುಕಣದ ಲೆಕ್ಕ ಕೇಳಲಿ, ನಾಲ್ಕನೆಯ ಕೂಸನ್ನು ಸೊಂಟದ ಮೇಲೆ ಹೊತ್ತು ಕಳೆ ಕೀಳುವವಳ ಜೊತೆಗೆ ಒಂದು ಹೊತ್ತು ಕೂಡ್ರಲಿ. ಆಗ ಅವರು ಕೇಳುವ ಮೊದಲ ಪ್ರಶ್ನೆ ಕಾಯಿದೆಯನ್ನು ಬಿಗಿ ಮಾಡಿರೆಂದು ಇರಲಾರದೆಂಬುದು ನಮ್ಮ ನಂಬಿಕೆ. ಇದ್ದರೆ, ಅವರೊಡನೆ ನಮಗೆ ಮಾತಿಲ್ಲ.

ನಮ್ಮ ಕೇಳಿಕೆ ದೊಡ್ಡದಲ್ಲ. ಸ್ಕ್ಯಾನಿಂಗ್ ಮಾಡುವ ಪ್ರತಿಯೊಂದು ಕಡೆಯಲ್ಲಿಯೂ ‘ಲಿಂಗಪತ್ತೆ ಅಪರಾಧ’ ಎಂಬ ಫಲಕ ತೂಗುಹಾಕಬೇಕೆಂದು ಕಾಯಿದೆಯೇ ಹೇಳಿದೆ, ತೂಗುತ್ತಿವೆ. ಅದರ ಪಕ್ಕದಲ್ಲಿ ಇನ್ನೊಂದು ಫಲಕ ಬರಲಿ. ಗರ್ಭಪಾತ ಎಷ್ಟು ವಾರಗಳ ತನಕ ಕಾಯಿದೆಬದ್ಧ, ಈ ದವಾಖಾನೆಯಲ್ಲಿ ಯಾವ ದಿನ ಯಾವ ಡಾಕ್ಟರು ಮಾಡುತ್ತಾರೆ, ಇಲ್ಲಿ ಆಗದಿದ್ದರೆ ಸರಕಾರದ ವಾಹನದಲ್ಲಿ ಎಲ್ಲಿಗೆ ಕಳಿಸುತ್ತಾರೆ, ಗಂಡನ ಸಹಿ ಬೇಕಿಲ್ಲ, ಗುಟ್ಟು ಬಯಲು ಮಾಡಿದವರಿಗೆ ಶಿಕ್ಷೆ ಉಂಟು ಎಂದು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬರೆಸಲಿ. ಓದಲು ಬಾರದವಳಿಗೆ ಆಶಾ ಕಾರ್ಯಕರ್ತೆಯರು ತಾಂಡಾಗಳಲ್ಲಿ ಅವಳ ಮಾತಿನಲ್ಲೇ ತಿಳಿಸಲಿ. ಆ ಫಲಕ ಬರೆಯಲು ಕೂತಾಗ ‘ಯಾವ ದಿನ, ಯಾವ ಡಾಕ್ಟರು’ ಎಂಬಲ್ಲಿ ಏನು ಬರೆಯಬೇಕೆಂದು ಅಧಿಕಾರಿಗಳಿಗೆ ತೋಚದಿದ್ದರೆ, ಆ ಖಾಲಿ ಜಾಗವನ್ನು ಹಾಗೆಯೇ ಬಿಟ್ಟು ತೂಗುಹಾಕಲಿ. ಜನ ನೋಡಲಿ.

ಮುಂದಿನ ತಾಲೂಕಾ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಈ ಪ್ರಶ್ನೆಯನ್ನು ಎತ್ತಬೇಕೆಂದು ನಾಲ್ಕೂ ತಾಲೂಕುಗಳ ನಮ್ಮ ಸಂಗಾತಿಗಳನ್ನು ಕೋರುತ್ತೇವೆ. ಹೆಂಗಸರೇ ಎದ್ದು ಕೇಳಿದರೆ ಮೇಲು. ಬಂದ ಉತ್ತರವನ್ನು, ಉತ್ತರ ಬಾರದಿದ್ದರೆ ಅದನ್ನೂ, ನಮಗೆ ಬರೆದು ಕಳಿಸಿರಿ. ಬರೆದವರ ಹೆಸರು ಹಾಕದೆ ಅಚ್ಚು ಹಾಕುತ್ತೇವೆ.